ವಿದೇಶಿ ಖರೀದಿದಾರರ ಜೊತೆ ಊಟ: ಫೋರ್ಕಿಗಿಂತ ದಾಕ್ಷಿಣ್ಯದ ಬಗ್ಗೆ ಹೆಚ್ಚು ಯೋಚಿಸಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯವಳು. ಎಂ.ಕಾಂ. ಮುಗಿಸಿ, ಶಿವಮೊಗ್ಗದ ಸಮೀಪ ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕವೊಂದರಲ್ಲಿ ಮಾರಾಟದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಮುಂದಿನ ತಿಂಗಳು ಜರ್ಮನಿಯಿಂದ ಇಬ್ಬರು ಖರೀದಿದಾರರು ಬರುತ್ತಾರೆ. ಮೊದಲ ದಿನ ರಾತ್ರಿ ನಮ್ಮ ಮಾಲೀಕರು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಅವರಿಗೆ ಊಟ ಏರ್ಪಡಿಸಿದ್ದಾರೆ. ಮರುದಿನ ಅವರು ಘಟಕ ನೋಡಲು ಬಂದು ಮಧ್ಯಾಹ್ನ ನಮ್ಮಲ್ಲಿಯೇ ಊಟ ಮಾಡುತ್ತಾರೆ. ಎರಡೂ ಕಡೆ ನಾನು ಇರಬೇಕು. ಫೋರ್ಕು, ಚಾಕು ಹಿಡಿದು ಉಂಡು ನನಗೆ ಅಭ್ಯಾಸವಿಲ್ಲ. ಕಾಲೇಜಿನಲ್ಲಿ ಒಮ್ಮೆ ಪ್ರಯತ್ನಿಸಿದಾಗ ಗೆಳತಿಯರು ನಕ್ಕಿದ್ದು ಇನ್ನೂ ಮನಸ್ಸಿನಲ್ಲಿದೆ. ನಾನು ಸಸ್ಯಾಹಾರಿ, ಮದ್ಯ ಮುಟ್ಟುವುದಿಲ್ಲ. ಇಂಗ್ಲಿಷ್ ಅರ್ಥವಾಗುತ್ತದೆ, ಮಾತನಾಡುವಾಗ ತಡವರಿಸುತ್ತೇನೆ. ಕೈ ಕುಲುಕಬೇಕೋ ನಮಸ್ಕರಿಸಬೇಕೋ ಎಂಬುದೂ ತಿಳಿಯದು. ಎಲ್ಲಿಂದ ಕಲಿಯಲು ಶುರು ಮಾಡಲಿ?

ಉತ್ತರ: ನೀವು ಪಟ್ಟಿ ಮಾಡಿರುವ ಭಯಗಳಲ್ಲಿ ಫೋರ್ಕು ಎಲ್ಲಕ್ಕಿಂತ ಮೇಲಿದೆ. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಬರಬೇಕಾದದ್ದು. ಒಂದು ವಾರ ಮನೆಯಲ್ಲಿ ಕೈ ಆಡಿಸಿದರೆ ಅದು ಹತೋಟಿಗೆ ಬರುತ್ತದೆ. ಉಳಿದ ಮೂರು ವಾರಗಳನ್ನು ನೀವು ಮಾತಿಗೆ, ಅದರಲ್ಲಿಯೂ ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬರುವ ದಾಕ್ಷಿಣ್ಯದ ಮಾತಿಗೆ ಮೀಸಲಿಡಬೇಕು. ಆದರೂ ಕೈಯ ಅಂಜಿಕೆ ಹೋಗದೆ ಮಾತು ಸಲೀಸಾಗಿ ಹೊರಡುವುದಿಲ್ಲವಾದ್ದರಿಂದ ಮೇಜಿನಿಂದಲೇ ಆರಂಭಿಸುತ್ತೇನೆ.

ಪಂಕ್ತಿಯಲ್ಲಿ ಕುಳಿತು ಬೆಳೆದವರಿಗೆ ಊಟದ ಶಿಷ್ಟಾಚಾರ ಗೊತ್ತಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಾಳೆಎಲೆಯ ಕುಡಿ ಉಣ್ಣುವವರ ಎಡಕ್ಕೆ ಬರಬೇಕು, ಉಪ್ಪು ಉಪ್ಪಿನಕಾಯಿಗಳು ಎಡಗಡೆಯ ಮೇಲ್ತುದಿಯಲ್ಲಿ, ಕೋಸಂಬರಿ ಪಲ್ಯಗಳು ಎಲೆಯ ಮೇಲ್ಭಾಗದಲ್ಲಿ, ಅನ್ನ ಕೆಳಭಾಗದಲ್ಲಿ ಎಂಬ ಕ್ರಮ ನಿಮಗೆ ಕಣ್ಣು ಮುಚ್ಚಿಯೂ ಗೊತ್ತಿರುತ್ತದೆ. ಎಲ್ಲರ ಎಲೆಗೂ ಬಡಿಸಿ ಆಗುವವರೆಗೆ ಕೈ ಹಾಕಬಾರದು, ಎಡಗೈಯನ್ನು ಎಲೆಗೆ ತಾಗಿಸಬಾರದು, ಪಕ್ಕದವರು ಇನ್ನೂ ಮಜ್ಜಿಗೆಯ ಅನ್ನದಲ್ಲಿರುವಾಗ ತಾನು ಎದ್ದು ಹೋಗಬಾರದು. ಹೋಟೆಲಿನ ಮೇಜಿನಲ್ಲಿ ಪಾಲಿಸುವುದೂ ಬಹುಮಟ್ಟಿಗೆ ಇದನ್ನೇ. ಎಲ್ಲರ ತಟ್ಟೆ ಬಂದ ಮೇಲೆ, ಆತಿಥೇಯರು ಶುರು ಮಾಡಿದ ಮೇಲೆ ನೀವು ಶುರು ಮಾಡುತ್ತೀರಿ. ಪಕ್ಕದವರ ವೇಗವನ್ನು ಗಮನಿಸಿ ನಿಮ್ಮ ವೇಗವನ್ನು ಹೊಂದಿಸಿಕೊಳ್ಳುತ್ತೀರಿ. ದೊಡ್ಡ ವ್ಯತ್ಯಾಸ ಒಂದೇ: ಎಲೆಯ ಮೇಲೆ ಹತ್ತಾರು ಪದಾರ್ಥಗಳು ಒಟ್ಟಿಗೇ ಕಾದಿರುತ್ತವೆ, ಅಲ್ಲಿ ಒಂದು ಬಗೆ ಮುಗಿದು ತಟ್ಟೆ ತೆಗೆದ ಮೇಲೆ ಇನ್ನೊಂದು ಬರುತ್ತದೆ. ಹೀಗೆ ಸರದಿಯಂತೆ ಬಡಿಸುವ ಪದ್ಧತಿ ಯುರೋಪಿನಲ್ಲಿಯೂ ಹಳೆಯದೇನಲ್ಲ. 19ನೇ ಶತಮಾನದಲ್ಲಿ ಅದು ಅಲ್ಲಿ ಹಬ್ಬಿತು, ರಷ್ಯಾದಿಂದ ಬಂದದ್ದೆಂಬ ಕಾರಣಕ್ಕೆ ಅದಕ್ಕೆ ರಷ್ಯನ್ ಪದ್ಧತಿ ಎಂದೇ ಹೆಸರು.

ಫೋರ್ಕಿನ ಕಥೆಯೂ ಹಾಗೆಯೇ. ಥಾಮಸ್ ಕೊರ್ಯಾಟ್ ಎಂಬ ಇಂಗ್ಲಿಷ್ ಪ್ರವಾಸಿ 1608ರಲ್ಲಿ ಇಟಲಿಗೆ ಹೋಗಿದ್ದಾಗ ಜನರು ಮುಳ್ಳುಚಮಚದಿಂದ ಉಣ್ಣುವುದನ್ನು ಕಂಡು ಬೆರಗಾಗಿ, 1611ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಅದನ್ನು ವರ್ಣಿಸಿದ. ಊರಿಗೆ ಮರಳಿ ತಾನೂ ಅದನ್ನು ಬಳಸತೊಡಗಿದಾಗ ಸ್ನೇಹಿತರಿಂದ ಗೇಲಿಗೆ ಒಳಗಾದ. ಅಂದರೆ ಫೋರ್ಕು ಹಿಡಿದದ್ದಕ್ಕೆ ಗೆಳೆಯರಿಂದ ನಗಿಸಿಕೊಂಡವರಲ್ಲಿ ನೀವು ಮೊದಲಿಗರೇನೂ ಅಲ್ಲ.

ಈಗ ಮೇಜಿನ ವಿನ್ಯಾಸಕ್ಕೆ ಬರೋಣ. ತಟ್ಟೆಯ ಎಡಕ್ಕೆ ಫೋರ್ಕುಗಳು, ಬಲಕ್ಕೆ ಚಾಕುಗಳು ಮತ್ತು ಸೂಪಿನ ಚಮಚ ಇರುತ್ತವೆ. ಚಾಕುವಿನ ಅಲಗು ತಟ್ಟೆಯ ಕಡೆಗೆ ತಿರುಗಿರುತ್ತದೆ. ಮೊದಲು ಬರುವ ತಿನಿಸಿಗೆ ಎರಡೂ ಬದಿಯ ಹೊರತುದಿಯಲ್ಲಿರುವುದನ್ನು ತೆಗೆದುಕೊಂಡು, ಸರದಿ ಮುಂದುವರಿದಂತೆ ಒಳಕ್ಕೆ ಬರಬೇಕು. ತಟ್ಟೆಯ ಮೇಲ್ಭಾಗದಲ್ಲಿ ಅಡ್ಡಲಾಗಿ ಇಟ್ಟಿರುವುದು ಸಿಹಿಗೆ. ಎಡಗಡೆಯ ಸಣ್ಣ ತಟ್ಟೆಯಲ್ಲಿರುವ ಬ್ರೆಡ್ಡು ನಿಮ್ಮದು, ಬಲಗಡೆಯ ನೀರಿನ ಲೋಟ ನಿಮ್ಮದು. ದುಂಡು ಮೇಜಿನಲ್ಲಿ ಅನುಭವಸ್ಥರೂ ಪಕ್ಕದವರ ಬ್ರೆಡ್ಡಿಗೆ ಕೈ ಹಾಕುವುದುಂಟಾದ್ದರಿಂದ ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬ್ರೆಡ್ಡನ್ನು ಚಾಕುವಿನಿಂದ ಕತ್ತರಿಸದೆ ಕೈಯಿಂದಲೇ ಒಂದೊಂದು ತುತ್ತಿನಷ್ಟು ಮುರಿದು, ಆ ತುತ್ತಿಗೆ ಮಾತ್ರ ಬೆಣ್ಣೆ ಸವರಿ ತಿನ್ನುವುದು ರೂಢಿ.

ಹಿಡಿಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಗುವವರು ನಗುವುದು ಇಲ್ಲಿಯೇ. ಫೋರ್ಕನ್ನು ಎಡಗೈಯಲ್ಲಿ ಮುಳ್ಳುಗಳು ಕೆಳಮುಖವಾಗುವಂತೆ ಹಿಡಿದು, ಅದರ ಹಿಡಿಯ ತುದಿ ಅಂಗೈಯೊಳಗೆ ಕೂರುವಂತೆಯೂ ತೋರುಬೆರಳು ಬೆನ್ನಿನ ಮೇಲೆ ಚಾಚಿರುವಂತೆಯೂ ನೋಡಿಕೊಳ್ಳಿ. ಬಲಗೈಯ ಚಾಕುವಿಗೂ ಇದೇ ಹಿಡಿತ. ಫೋರ್ಕಿನಿಂದ ಪದಾರ್ಥವನ್ನು ಅಲುಗದಂತೆ ಒತ್ತಿ ಹಿಡಿದು, ಚಾಕುವನ್ನು ಅದರ ಪಕ್ಕದಲ್ಲಿಯೇ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಎಳೆಯಬೇಕು. ಹೊಸಬರು ಚಾಕುವಿಗೆ ಬಲ ಹಾಕಿ ಒತ್ತುತ್ತಾರೆ. ತಟ್ಟೆ ಕಿರ್ರೆನ್ನುವುದೂ ತುಂಡು ಹಾರಿ ಮೇಜುಬಟ್ಟೆಗೆ ಬೀಳುವುದೂ ಅದರಿಂದಲೇ. ಒಂದು ತುತ್ತು ಕತ್ತರಿಸಿ, ಅದನ್ನು ತಿಂದು, ಮುಂದಿನದನ್ನು ಕತ್ತರಿಸಬೇಕೇ ಹೊರತು ಮಕ್ಕಳಿಗೆ ಮಾಡಿಕೊಡುವಂತೆ ಇಡೀ ತಟ್ಟೆಯದನ್ನು ಮೊದಲೇ ಚೂರು ಮಾಡಿಡಬಾರದು. ಮಾತಿಗಾಗಿ ನಿಲ್ಲಿಸಿದಾಗ ಎರಡನ್ನೂ ತಟ್ಟೆಯ ಮೇಲೆ ತುದಿಗಳು ಹತ್ತಿರವಾಗಿ, ಹಿಡಿಗಳು ದೂರವಾಗಿರುವಂತೆ ಓರೆಯಾಗಿಡಿ. ಊಟ ಮುಗಿದಾಗ ಎರಡನ್ನೂ ಜೋಡಿಯಾಗಿ, ಹಿಡಿಗಳು ಬಲಗಡೆಯ ಕೆಳಮೂಲೆಗೆ ಬರುವಂತೆ ಇಟ್ಟರೆ ಬಡಿಸುವವರು ನಿಮ್ಮನ್ನು ಕೇಳದೆಯೇ ತಟ್ಟೆ ತೆಗೆಯುತ್ತಾರೆ. ಮುಗಿಯದೆ ಹೀಗಿಟ್ಟರೂ ತೆಗೆದುಬಿಡುತ್ತಾರೆ ಎಂಬುದು ನೆನಪಿರಲಿ.

ಅಭ್ಯಾಸಕ್ಕೆ ಬೇಯಿಸಿದ ಆಲೂಗಡ್ಡೆ, ಪನೀರು, ಬೀನ್ಸ್ ಸಾಕು. ಅಕ್ಕಿರೊಟ್ಟಿಯ ಮೇಲೆ ಪ್ರಯೋಗ ಮಾಡಬೇಡಿ, ಅದು ಚಾಕುವಿಗೆ ಬಗ್ಗುವ ಪದಾರ್ಥವಲ್ಲ. ಆಮೇಲೆ ಒಂದೆರಡು ಸಲ ಗೆಳತಿಯೊಬ್ಬರ ಜೊತೆ ಶಿವಮೊಗ್ಗದ ಯಾವುದಾದರೂ ಹೋಟೆಲಿಗೆ ಗಿರಾಕಿಗಳ ನೂಕುನುಗ್ಗಲಿಲ್ಲದ ಹೊತ್ತಿನಲ್ಲಿ ಹೋಗಿ, ಉಣ್ಣುತ್ತಲೇ ಮಾತನಾಡುವುದನ್ನು ರೂಢಿಸಿಕೊಳ್ಳಿ. ಕೈ ಒಂದು ಕೆಲಸ ಮಾಡುತ್ತಿರುವಾಗ ಬಾಯಿ ಬರಿದಾಗಿ ಮಾತಿಗೆ ಸಿದ್ಧವಾಗಿರಬೇಕಾದರೆ ತುತ್ತು ಸಣ್ಣದಿರಬೇಕು. ಇದು ಓದಿ ಬರುವ ವಿದ್ಯೆಯಲ್ಲ. ಹಣ ಕೊಟ್ಟು ತರಬೇತಿ ಶಿಬಿರಕ್ಕೆ ಹೋಗುವ ಅಗತ್ಯ ನಿಮಗಿದೆ ಎಂದು ನನಗೆ ಕಾಣುತ್ತಿಲ್ಲ. ಇನ್ನೊಂದು ಮಾತು: ಆ ರಾತ್ರಿ ಭಾರತೀಯ ಊಟವನ್ನು ತರಿಸಿದರೆ ರೊಟ್ಟಿ, ನಾನ್‌ಗಳನ್ನು ಕೈಯಲ್ಲಿ ಮುರಿದು ತಿನ್ನುವುದೇ ಸರಿ. ನಾನ್‌ಗೆ ಚಾಕು ಹಾಕಿದರೆ ನೋಡುವವರಿಗೆ ಅದೇ ವಿಚಿತ್ರವಾಗಿ ಕಾಣುತ್ತದೆ.

ನ್ಯಾಪ್ಕಿನ್ನು ಕುಳಿತ ಕೂಡಲೇ ತೊಡೆಯ ಮೇಲೆ, ನಡುವೆ ಎದ್ದರೆ ಕುರ್ಚಿಯ ಮೇಲೆ, ಮುಗಿದ ಮೇಲೆ ತಟ್ಟೆಯ ಎಡಕ್ಕೆ. ಫೋನು ಚೀಲದೊಳಗೆ. ಉಡುಪಿನ ಬಗ್ಗೆ ನೀವು ಕೇಳಿಲ್ಲ. ನಿಮಗೆ ಅಭ್ಯಾಸವಿರುವ ಸೀರೆಯೋ ಸಲ್ವಾರೋ ಸಾಕು, ಆ ದಿನಕ್ಕೆಂದು ಹೊಸ ಚಪ್ಪಲಿ ಮಾತ್ರ ಬೇಡ.

ಸಸ್ಯಾಹಾರದ ವಿಷಯವನ್ನು ಮೇಜಿನಲ್ಲಿ ಚರ್ಚೆಯಾಗಿಸಬೇಡಿ. ಮೇಜು ಕಾದಿರಿಸುವಾಗಲೇ ಹೋಟೆಲಿನವರಿಗೆ ತಿಳಿಸಿ, ಅತಿಥಿಗಳಿಗೆ ಯಾವುದಾದರೂ ಪಥ್ಯವೋ ಒಗ್ಗದ ಪದಾರ್ಥವೋ ಇದೆಯೇ ಎಂದು ಮೇಲ್‌ನಲ್ಲಿ ಮುಂಚಿತವಾಗಿಯೇ ಕೇಳಿಕೊಳ್ಳಿ. ಅವರು ಮಾಂಸ ತರಿಸಿದರೆ ಅವರ ತಟ್ಟೆಯತ್ತ ನಿಮ್ಮ ಮುಖಭಾವ ಬದಲಾಗದಿರಲಿ. ಮದ್ಯಕ್ಕೆ "ಬೇಡ, ಧನ್ಯವಾದ, ನನಗೆ ನಿಂಬೆ ಪಾನಕ ಸಾಕು" ಎಂಬಷ್ಟೇ ಉತ್ತರ ಸಾಕು. ವ್ರತ, ಆರೋಗ್ಯ, ಮನೆಯವರು ಎಂದೆಲ್ಲ ಕಾರಣ ಜೋಡಿಸಿದಷ್ಟೂ ಮಾತು ಬೆಳೆಯುತ್ತದೆ. ಅವರು ಲೋಟ ಎತ್ತಿ ಶುಭ ಕೋರಿದಾಗ ನೀವು ನಿಮ್ಮ ಪಾನಕದ ಲೋಟವನ್ನೇ ಎತ್ತಿ, ಪ್ರತಿಯೊಬ್ಬರ ಕಣ್ಣನ್ನೂ ಒಮ್ಮೆ ನೋಡಬೇಕು. ಆ ಕ್ಷಣದಲ್ಲಿ ಕಣ್ಣು ತಪ್ಪಿಸುವುದನ್ನು ಜರ್ಮನ್ನರು ಅಸಭ್ಯವೆಂದು ಎಣಿಸುತ್ತಾರೆ.

ಅವರ ಇನ್ನೂ ಕೆಲವು ರೂಢಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಉಣ್ಣುವಾಗ ಮಣಿಕಟ್ಟುಗಳು ಮೇಜಿನ ಅಂಚಿನ ಮೇಲೆ ಕಾಣುವಂತಿರಬೇಕು, ತೊಡೆಯ ಮೇಲೆ ಅಡಗಿರಬಾರದು. ತಾವಾಗಿ ಮೊದಲ ಹೆಸರಿನಿಂದ ಕರೆಯಿರಿ ಎನ್ನುವವರೆಗೆ ಮನೆತನದ ಹೆಸರಿಗೆ ಮಿಸ್ಟರ್, ಮಿಸ್ ಸೇರಿಸಿ ಕರೆಯಬೇಕು. ಅವರ ಕಾರ್ಡಿನಲ್ಲಿ ಡಾಕ್ಟರ್ ಎಂದಿದ್ದರೆ ಅದನ್ನು ಬಿಡಬಾರದು. ಹೊತ್ತಿನ ವಿಷಯದಲ್ಲಿ ಅವರು ಕಟ್ಟುನಿಟ್ಟು, ಐದು ನಿಮಿಷ ತಡವಾದರೂ ಫೋನು ಮಾಡಿ ತಿಳಿಸುತ್ತಾರೆ, ನಿಮ್ಮಿಂದಲೂ ಅದನ್ನೇ ನಿರೀಕ್ಷಿಸುತ್ತಾರೆ. ಅಂದಹಾಗೆ, ನೀವು ಆತಿಥೇಯರ ಕಡೆಯವರಾದ್ದರಿಂದ ಹದಿನೈದು ನಿಮಿಷ ಮೊದಲೇ ಅಲ್ಲಿರಬೇಕು. ಕೈ ಕುಲುಕುವ ವಿಷಯದಲ್ಲಿ ಮಹಿಳೆಯಾದ ನಿಮ್ಮ ಆಯ್ಕೆಗೆ ಅವಕಾಶವಿದೆ: ಕೈ ಕೊಡುವುದಾದರೆ ಇಬ್ಬರಿಗೂ ಕೊಡಿ, ಗಟ್ಟಿಯಾಗಿ, ಚುಟುಕಾಗಿ, ನಮಸ್ಕಾರವಾದರೆ ಎರಡೂ ಕೈ ಜೋಡಿಸಿ ಮುಖ ನೋಡಿ ಮಾಡಿ, ಭಾರತಕ್ಕೆ ಬಂದವರು ಅದನ್ನು ಸಂತೋಷದಿಂದಲೇ ಒಪ್ಪುತ್ತಾರೆ. ಯಾವುದೆಂದು ಹೋಟೆಲಿನ ಬಾಗಿಲು ದಾಟುವ ಮೊದಲೇ ತೀರ್ಮಾನಿಸಿಕೊಳ್ಳಿ. ಅರ್ಧ ಚಾಚಿ ಹಿಂದಕ್ಕೆಳೆದ ಕೈ ಎರಡೂ ಕಡೆಯವರನ್ನು ಮುಜುಗರಕ್ಕೀಡು ಮಾಡುತ್ತದೆ.

ಆತಿಥ್ಯದ ಹೊಣೆಯಲ್ಲಿ ಮಾಲೀಕರಿಗೆ ನೆನಪಿಸಬೇಕಾದ ಸಂಗತಿಗಳೂ ಇವೆ. ಮುಖ್ಯ ಅತಿಥಿ ಆತಿಥೇಯರ ಬಲಗಡೆ ಕೂರಬೇಕು. ಪರಿಚಯಿಸುವಾಗ ಮೊದಲು ಅತಿಥಿಯ ಹೆಸರು ಹೇಳಿ, ನಮ್ಮ ಕಡೆಯವರನ್ನು ಅವರಿಗೆ ಪರಿಚಯಿಸಬೇಕು. ಬಿಲ್ಲಿನ ಏರ್ಪಾಡನ್ನು ಮೊದಲೇ ವ್ಯವಸ್ಥಾಪಕರ ಜೊತೆ ಮಾಡಿಕೊಂಡು, ಅದು ಮೇಜಿಗೆ ಬಾರದಂತೆ ನೋಡಿಕೊಳ್ಳುವುದು ಉತ್ತಮ. ಮರುದಿನ ಮಧ್ಯಾಹ್ನದ ಊಟಕ್ಕೆ ಶಿವಮೊಗ್ಗ ತಲುಪಬೇಕೆಂದರೆ ಸುಮಾರು 300 ಕಿಲೋಮೀಟರ್ ಪ್ರಯಾಣವಿದೆ. ಕಾರಿನಲ್ಲಿ ಬರುವುದಾದರೆ ಐದಾರು ಗಂಟೆ ಬೇಕು, ಆದ್ದರಿಂದ ರಾತ್ರಿಯ ಊಟವನ್ನು ಎಳೆಯಬೇಡಿ. ಹೊರಗಿನವರಿಗೆ ದಾರಿ ಹೇಳುವಾಗ "ಇಲ್ಲೇ, ಹತ್ತಿರ" ಎನ್ನುವುದು ನಮ್ಮವರ ಅಭ್ಯಾಸ. ಘಾಟಿಯ ಆಚೆ ಇರುವ ಊರನ್ನೂ ನಾವು ಹಾಗೆಯೇ ಹೇಳುತ್ತೇವೆ. ಆ ಅಭ್ಯಾಸ ಇಲ್ಲಿ ಬೇಡ, ಗಂಟೆಯ ಲೆಕ್ಕ ಕೊಡಿ.

ಇಲ್ಲಿಂದಲೇ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ಮಾತಿನಲ್ಲಿ ಎದುರಿಗಿದ್ದವರ ಮುಖ ಮುರಿಯುವಂತೆ "ಆಗುವುದಿಲ್ಲ" ಎನ್ನುವುದು ಕಡಿಮೆ. "ನೋಡುವ", "ಪ್ರಯತ್ನ ಮಾಡುವ", "ಆಗ್ತದೆ ಬಿಡಿ" ಎನ್ನುತ್ತೇವೆ. ಇದರಲ್ಲಿ ಯಾವುದು ಒಪ್ಪಿಗೆ, ಯಾವುದು ನಯವಾದ ನಿರಾಕರಣೆ ಎಂಬುದು ಹೇಳಿದ ದನಿಯಿಂದ ನಮಗೆ ತಿಳಿಯುತ್ತದೆ. ಊರಿನೊಳಗೆ ಇದು ಸೌಜನ್ಯ. ಬೇರೆ ಭಾಷೆಗೆ ಇಳಿಸಿದಾಗ ದನಿ ಕಳಚಿ, ಒಪ್ಪಿಗೆಯಷ್ಟೇ ಉಳಿಯುತ್ತದೆ. ಜರ್ಮನ್ ವ್ಯಾಪಾರಿಗೆ ಮೇಜಿನಲ್ಲಿ ಆಡಿದ "ಆಗಬಹುದು" ಎಂಬ ಮಾತು ಅವನ ಟಿಪ್ಪಣಿಯಲ್ಲಿ ದಿನಾಂಕವಾಗಿ ದಾಖಲಾಗುತ್ತದೆ.

ನಿಮ್ಮ ಉದ್ಯಮದಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ಅವರು ಆಗಸ್ಟ್ ತಿಂಗಳಿಗೆ ದೊಡ್ಡ ಪ್ರಮಾಣದ ಸರಕು ಕೇಳಿದರೆಂದು ಭಾವಿಸಿ. ಜಡಿಮಳೆಯಲ್ಲಿ ಹಾಳೆ ಒಣಗುವುದಿಲ್ಲ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ ಎಂಬುದು ನಿಮಗೂ ನಿಮ್ಮ ಮಾಲೀಕರಿಗೂ ಗೊತ್ತು. ಆದರೂ ಔತಣದ ಉತ್ಸಾಹದಲ್ಲಿ "ನೋಡುವ" ಎಂಬ ಮಾತು ಬಾಯಿಯಿಂದ ಜಾರಿಬಿಡುತ್ತದೆ. ಅದರ ಬದಲು, "ಮಳೆಗಾಲದಲ್ಲಿ ನಾವು ಹೊಸ ಹಾಳೆಯನ್ನು ಒಣಗಿಸಲಾಗುವುದಿಲ್ಲ. ಆಗಸ್ಟಿಗೆ ಬೇಕಾದರೆ ಬೇಸಿಗೆಯಲ್ಲಿಯೇ ದಾಸ್ತಾನು ಮಾಡಬೇಕು, ಅದಕ್ಕೆ ನಿಮ್ಮ ಆರ್ಡರು ಫೆಬ್ರುವರಿಯೊಳಗೆ ಖಚಿತವಾಗಬೇಕು" ಎಂದು ಹೇಳಿ ನೋಡಿ. ಇದರಲ್ಲಿ "ಇಲ್ಲ" ಇದೆ, ಕಾರಣವಿದೆ, ಸಾಧ್ಯವಿರುವ ದಾರಿಯೂ ಇದೆ. ಇಂಥ ಮಾತನ್ನು ಅವರು ಒರಟುತನವೆಂದು ತಿಳಿಯುವುದಿಲ್ಲ, ನೆಚ್ಚಬಹುದಾದವರು ಎಂದು ತಿಳಿಯುತ್ತಾರೆ. ದರದ ಚರ್ಚೆಗೂ ಇದೇ ಕ್ರಮ. ಬೆಲೆ ಹೇಳಿ ಸುಮ್ಮನಾಗಬೇಕು. ಹೇಳಿದ ಕೂಡಲೇ ಸಂಕೋಚದಿಂದ "ಸ್ವಲ್ಪ ಕಡಿಮೆ ಮಾಡಬಹುದು" ಎಂದು ನಾವೇ ಸೇರಿಸುವುದು ನಮ್ಮ ಮಾರಾಟಗಾರರಲ್ಲಿ ನಾನು ಮತ್ತೆ ಮತ್ತೆ ಕಾಣುವ ದೌರ್ಬಲ್ಯ.

ಕಷ್ಟದ ಪ್ರಶ್ನೆಯೂ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2025ರಲ್ಲಿ ಅಡಿಕೆ ಹಾಳೆಯ ತಟ್ಟೆಗಳ ಸುರಕ್ಷತೆಯ ಬಗ್ಗೆ ಆಕ್ಷೇಪ ಎತ್ತಿದ್ದನ್ನು ಅವರು ಓದಿಯೇ ಬಂದಿರುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಆಹಾರಕ್ಕೆ ತಾಗುವ ವಸ್ತುಗಳಿಗೆ 1935/2004 ಎಂಬ ಪ್ರತ್ಯೇಕ ನಿಯಮಾವಳಿಯೇ ಇದೆ. ಈ ಬಗ್ಗೆ ಕೇಳಿದಾಗ "ನಮ್ಮ ಅಜ್ಜಂದಿರ ಕಾಲದಿಂದ ಹಾಳೆಯಲ್ಲಿ ಉಂಡಿದ್ದೇವೆ" ಎಂಬ ಉತ್ತರ ಸಾಲದು. ಪ್ರಯೋಗಾಲಯದ ವರದಿ ಇದ್ದರೆ ಅದನ್ನು ನಾಳೆ ಘಟಕದಲ್ಲಿ ತೋರಿಸುತ್ತೇವೆ ಎನ್ನಿ. ಇಲ್ಲದಿದ್ದರೆ ಇಲ್ಲವೆನ್ನಿ, ಯಾವ ದಿನಾಂಕದೊಳಗೆ ಮಾಡಿಸುತ್ತೀರಿ ಎಂದು ತಿಳಿಸಿ. ಇಂಥ ಪ್ರಶ್ನೆಗೆ ಯಾರು ಉತ್ತರಿಸಬೇಕು, ದರದ ಬಗ್ಗೆ ಯಾರು, ಸಮಯದ ಬಗ್ಗೆ ಯಾರು ಎಂಬುದನ್ನು ಮಾಲೀಕರೊಡನೆ ಹೊರಡುವ ಮೊದಲೇ ಹಂಚಿಕೊಳ್ಳಿ. ಅವರು ಒಪ್ಪಿದ್ದನ್ನು ಅತಿಥಿಗಳೆದುರಿಗೆ ನೀವು ತಿದ್ದಬೇಕಾದ ಸ್ಥಿತಿ ಬಂದರೆ ಇಬ್ಬರ ಮಾನವೂ ಹೋಗುತ್ತದೆ.

ಇಂಗ್ಲಿಷಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಆ ಅತಿಥಿಗಳಿಗೂ ಕಲಿತ ಭಾಷೆಯೇ, ತಾಯ್ನುಡಿಯಲ್ಲ. ಸಣ್ಣ ವಾಕ್ಯಗಳಲ್ಲಿ, ನಿಧಾನವಾಗಿ ಮಾತನಾಡಿ. ತಟ್ಟೆಯ ಅಳತೆ, ತೇವಾಂಶ, ಪ್ಯಾಕಿಂಗು, ಸಾಗಣೆ, ಪಾವತಿಯ ಷರತ್ತು ಇವುಗಳಿಗೆ ಬೇಕಾದ ವಾಕ್ಯಗಳನ್ನು ಬರೆದು, ಗಟ್ಟಿಯಾಗಿ ಓದಿ ರೂಢಿಸಿಕೊಂಡರೆ ಮುಕ್ಕಾಲು ಪಾಲು ಮಾತುಕತೆ ಅದರೊಳಗೇ ಮುಗಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕೇಳುತ್ತಿದ್ದೇನೆ ಎಂಬುದಕ್ಕೆ ನಾವು "ಹೂಂ, ಹೂಂ" ಎನ್ನುತ್ತ ತಲೆಯಾಡಿಸುತ್ತೇವೆ, ಅವರು ಅದನ್ನು ಸಮ್ಮತಿಯೆಂದು ತಿಳಿಯುತ್ತಾರೆ. ಅರ್ಥವಾಗದಿದ್ದರೆ ತಲೆಯಾಡಿಸದೆ "ಕ್ಷಮಿಸಿ, ಇನ್ನೊಮ್ಮೆ ಹೇಳುವಿರಾ" ಎಂದು ಕೇಳಿಬಿಡಿ.

ಮರುದಿನದ ಊಟದಲ್ಲಿ ಪಾತ್ರಗಳು ಬದಲಾಗುತ್ತವೆ. ಅಲ್ಲಿ ಎಲೆಯ ಮುಂದೆ ಏನು ಮಾಡಬೇಕೆಂದು ತಿಳಿಯದೆ ಕೂರುವವರು ಅವರು, ದಾರಿ ತೋರಿಸಬೇಕಾದವರು ನೀವು. ಬಂದೊಡನೆ ಬೆಲ್ಲ ನೀರು ಕೊಡುವ ನಮ್ಮ ಕ್ರಮವನ್ನು ಬಿಡಬೇಡಿ, ಆದರೆ ಕುಡಿಯುವ ನೀರು ಮುಚ್ಚಿದ ಬಾಟಲಿಯದೇ ಆಗಿರಲಿ. ನೆಲದ ಮೇಲೆ ಕೂರಿಸದೆ ಮೇಜಿನ ಮೇಲೆಯೇ ಎಲೆ ಹಾಕಿ, ಪಕ್ಕದಲ್ಲೊಂದು ಚಮಚವನ್ನು ಸದ್ದಿಲ್ಲದೆ ಇಟ್ಟಿರಿ. ಕೈಯಲ್ಲಿ ಉಣ್ಣಲು ಅವರಾಗಿ ಮುಂದಾದರೆ, ಬೆರಳ ತುದಿಯಲ್ಲಿ ಕಲಸಿ ಹೆಬ್ಬೆರಳಿನಿಂದ ಬಾಯಿಗೆ ತಳ್ಳುವುದನ್ನು ಒಮ್ಮೆ ನೀವೇ ಮಾಡಿ ತೋರಿಸಿ. ಪ್ರತಿ ಪದಾರ್ಥ ಬಡಿಸುವಾಗ ಅದರಲ್ಲಿ ಏನಿದೆ ಎಂದು ಒಂದು ಮಾತಿನಲ್ಲಿ ಹೇಳಬೇಕು. ಒಂದೆಲಗದ ತಂಬುಳಿ ಖಾರವಿಲ್ಲದ್ದರಿಂದ ಅವರಿಗೆ ಹಿಡಿಸುವ ಸಂಭವ ಹೆಚ್ಚು. ಅಪ್ಪೆಮಿಡಿ ಉಪ್ಪಿನಕಾಯಿಯ ಬಗ್ಗೆ ಮಾತ್ರ ಮುಂಚಿತವಾಗಿ ಎಚ್ಚರಿಸಿ, ಇಲ್ಲದಿದ್ದರೆ ಆಲಿವ್ ಕಾಯಿಯೆಂದು ತಿಳಿದು ಇಡೀ ಮಿಡಿಯನ್ನೇ ಬಾಯಿಗೆ ಹಾಕಿಕೊಂಡು, ಉಪ್ಪು ಖಾರಕ್ಕೆ ಕಣ್ಣಲ್ಲಿ ನೀರು ತರಿಸಿಕೊಂಡಾರು.

ಒತ್ತಾಯದ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಮೊದಲ ಸಲ "ಸಾಕು" ಎಂದವರಿಗೆ ಬಡಿಸುವವರು ನಿಲ್ಲಿಸಿದರೆ ಅದೇ ಅನಾದರ. ಉಣ್ಣುವವರೂ ಎರಡನೆಯ ಒತ್ತಾಯಕ್ಕೆ ಕಾದಿರುತ್ತಾರೆ. ಜರ್ಮನ್ನರಲ್ಲಿ ಬೇಡವೆಂದರೆ ಬೇಡ. ಬಡಿಸುವ ಅಮ್ಮಂದಿರಿಗೆ ಇದನ್ನು ಮೊದಲೇ ತಿಳಿಸಿಡಿ, ಅವರ ಕೈ ತಡೆಯುವುದೇ ನಿಮ್ಮ ಅಂದಿನ ಅತ್ಯಂತ ಕಷ್ಟದ ಕೆಲಸವಾದೀತು. ಇದಕ್ಕೆ ತಿರುಗುಮುರುಗಾಗಿ, ಹಿಂದಿನ ರಾತ್ರಿ ಅವರು ಏನನ್ನಾದರೂ ನಿಮ್ಮತ್ತ ಚಾಚಿದಾಗ ಬೇಕಿದ್ದರೆ ಮೊದಲ ಸಲವೇ ತೆಗೆದುಕೊಳ್ಳಿ, ಎರಡನೆಯ ಸಲ ಕೇಳುವುದಿಲ್ಲ. ಊಟವಾದ ಮೇಲೆ ಎಲೆಅಡಿಕೆಯ ತಟ್ಟೆಯನ್ನು ಮರ್ಯಾದೆಯ ಸಂಕೇತವಾಗಿ ಮುಂದಿಡಿ, ಅಗಿಯಿರಿ ಎಂದು ಒತ್ತಾಯಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿರುವುದರಿಂದ, ತಟ್ಟೆಯ ಸುರಕ್ಷತೆ ಚರ್ಚೆಯಲ್ಲಿರುವ ಹೊತ್ತಿನಲ್ಲಿ ಆ ಮಾತನ್ನು ನಾವಾಗಿ ಎಳೆದುಕೊಳ್ಳುವುದು ಜಾಣತನವಲ್ಲ.

ಅವರು ಹೊರಟ ಮರುದಿನ ಸಂಜೆಯೊಳಗೆ ನಿಮ್ಮಿಂದ ಒಂದು ಮೇಲ್ ಹೋಗಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳುಹಿಸಿದರೆ ಅದರ ಕೆಲಸ ಮುಗಿಯುವುದಿಲ್ಲ. ಬಂದದ್ದಕ್ಕೆ ಧನ್ಯವಾದ ಒಂದು ವಾಕ್ಯದಲ್ಲಿ. ಅನಂತರ ಒಪ್ಪಿದ ಅಳತೆ, ಪ್ರಮಾಣ, ದರ, ಮಾದರಿ ಕಳುಹಿಸುವ ದಿನಾಂಕ, ವರದಿ ಯಾರು ಯಾವಾಗ ಕೊಡಬೇಕೆಂಬುದು. ಒಪ್ಪದೆ ಉಳಿದ ವಿಷಯಗಳು ಬೇರೆಯಾಗಿ. ಕಳುಹಿಸುವ ಮೊದಲು ಇಬ್ಬರ ಹೆಸರಿನ ಅಕ್ಷರಗಳನ್ನೂ ಅವರ ಕಾರ್ಡನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಸರಿನೋಡಿ, ಮಾಲೀಕರಿಗೆ ಒಮ್ಮೆ ತೋರಿಸಿ, ಅವರಿಗೂ ಪ್ರತಿ ಹೋಗುವಂತೆ ಕಳುಹಿಸಿ.